ಮೋಟುಮೂತಿ ಹೊನ್ನಕ್ಕ ಮತ್ತು ಕಬ್ಬಿಣದ ಹೊಸಿಲು

ಮಕ್ಕಳೇ, ಅನ್ನ ಕಲಸುವ ಚಪ್ಪಟೆ ಮರದ ಸೌಟನ್ನು ನೀವು ನೋಡಿಯೇ ಇರುತ್ತೀರಿ. ಅದನ್ನು ಒಂದು ಮೀನಿನ ಮೂತಿಗೆ ಸಿಕ್ಕಿಸಿದರೆ ಹೇಗಿರುತ್ತದೆ? ನಗಬೇಡಿ. ದೂರದ ಒಂದು ನಾಡಿನ ಕೆಂಪು ನೀರಿನ ಹೊಳೆಯಲ್ಲಿ ಅಂಥ ಮೀನುಗಳೇ ಇದ್ದವು. ಅವನ್ನು ಸೌಟುಮೂತಿ ಮೀನುಗಳೆಂದು ಕರೆಯೋಣ.

ಸೌಟುಮೂತಿಗಳಿಗೆ ಬಾಯಿ ಬುಟ್ಟಿಯಷ್ಟು, ಕಣ್ಣು ಸಾಸಿವೆಯಷ್ಟು. ಆ ಕೆಸರು ನೀರಿನಲ್ಲಿ ಕಣ್ಣು ದೊಡ್ಡದಿದ್ದರೂ ಏನು ಕಂಡೀತು? ಅವುಗಳಿಗೆ ಕಣ್ಣು, ಕೈ, ಕೋಲು ಎಲ್ಲವೂ ಸೌಟೇ. ನುಸಿಗಿಂತ ಸಣ್ಣ ನೀರುಹುಳುಗಳ ಹಿಂಡು ಎಲ್ಲಾದರೂ ಇದ್ದರೆ ಸೌಟು ಜುಮ್ಮೆನ್ನುತ್ತಿತ್ತು. ಜುಮ್ಮೆಂದ ಕಡೆಗೆ ಬಾಯಿ ತೆರೆದುಕೊಂಡು ಈಜಿದರೆ ಅದೇ ಊಟ.

ಹೀಗಾಗಿ ಆ ಹೊಳೆಯಲ್ಲಿ ಒಬ್ಬರ ಯೋಗ್ಯತೆ ಅಳೆಯುವುದೆಂದರೆ ಸೌಟು ಅಳೆಯುವುದು. ಎಲ್ಲಿಗೆ ಹೊರಟರೂ ಸಾಲಾಗಿ ಹೊರಡಬೇಕು. ಉದ್ದ ಸೌಟಿನವರು ಮುಂದೆ, ಗಿಡ್ಡ ಸೌಟಿನವರು ಹಿಂದೆ. ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ.

ಎಲ್ಲರಿಗಿಂತ ಮುಂದೆ ಹೋಗುವವನು ನೀಳಪ್ಪ. ವಯಸ್ಸಿನಲ್ಲೂ ಹಿರಿಯ, ಸೌಟಿನಲ್ಲೂ ಹಿರಿಯ. ಎಲ್ಲರಿಗಿಂತ ಹಿಂದೆ ಬರುವವಳು ಹೊನ್ನಕ್ಕ. ಅವಳಿಗೆ ಸೌಟೇ ಇರಲಿಲ್ಲ.

ಮೊದಲು ಇತ್ತು. ಹರೆಯದಲ್ಲಿ ಒಮ್ಮೆ ಮೋಟಾರು ದೋಣಿಯೊಂದು ತಲೆಯ ಮೇಲೆ ಹಾದುಹೋಯಿತು. ದೋಣಿಯ ಕೆಳಗೆ ಗಿರಗಿರ ತಿರುಗುವ ಕಬ್ಬಿಣದ ರೆಕ್ಕೆ ಅವಳ ಸೌಟನ್ನು ಬುಡದ ಹತ್ತಿರವೇ ಕತ್ತರಿಸಿತು. ಬೆನ್ನಿನ ಮೇಲೂ ಮೂರು ಗೆರೆ ಎಳೆದು ಹೋಯಿತು.

ಗಾಯ ಮಾಯುವ ಮೊದಲೇ ನೆರೆಹೊರೆಯವರು ಬಂದು ಅತ್ತು ಮುಗಿಸಿದರು.

"ಪಾಪ, ಒಳ್ಳೆಯವಳಿದ್ದಳು," ಎಂದಳು ಸಣ್ಣಮ್ಮಿ.

"ಇನ್ನೂ ಇದ್ದೀನಲ್ಲೇ!" ಎಂದಳು ಹೊನ್ನಕ್ಕ.

"ಇದ್ದೀಯ, ಎಷ್ಟು ದಿನ? ಸೌಟಿಲ್ಲದವಳಿಗೆ ಊಟ ಎಲ್ಲಿದೆ ಅಂತ ಯಾರು ಹೇಳ್ತಾರೆ?"

"ಹೊಟ್ಟೆ ಹೇಳುತ್ತೆ. ನೀನು ಹೋಗು."

ಹೊಟ್ಟೆ ಹೇಳಿತೇನೋ ನಿಜ, ಆದರೆ ಬಲು ತಡವಾಗಿ ಹೇಳಿತು. ಹೊನ್ನಕ್ಕ ಬಾಯಿ ತೆರೆದುಕೊಂಡು ಅತ್ತ ಹೋದರೆ ಮರಳು ಸಿಕ್ಕಿತು, ಇತ್ತ ಬಂದರೆ ಕೊಳೆತ ಎಲೆ ಸಿಕ್ಕಿತು. ಪಕ್ಕೆಲುಬು ಎಣಿಸುವ ಹಾಗಾದಳು. ಸೌಟಿದ್ದವರನ್ನು ಕೇಳಿದ್ದರೆ ಒಂದು ತುತ್ತಿನ ದಾರಿ ತೋರಿಸುತ್ತಿದ್ದರೋ ಏನೋ. ಹೊನ್ನಕ್ಕ ಕೇಳಲಿಲ್ಲ. ಕೇಳುವುದು ಅವಳ ಜಾಯಮಾನವೇ ಅಲ್ಲ.

ಅವಳು ನೀರನ್ನು ಕೆನ್ನೆಯಿಂದ ಓದಲು ಕಲಿತಳು. ಬಂಡೆಯ ಹಿಂದೆ ನೀರು ಮಡಿಸಿಕೊಳ್ಳುವ ಕಡೆ ಹುಳುಗಳು ಮುದ್ದೆಯಾಗಿ ನಿಲ್ಲುತ್ತವೆ, ಮಳೆ ಬಂದು ನಿಂತ ಮೇಲೆ ಅವು ದಡದತ್ತ ಸರಿಯುತ್ತವೆ, ಬಿಸಿಲೇರಿದರೆ ಆಳಕ್ಕೆ ಇಳಿಯುತ್ತವೆ. ಒಂದೊಂದು ಪಾಠಕ್ಕೂ ಒಂದೊಂದು ಉಪವಾಸ. ಮುಂದಿನ ಬೇಸಿಗೆಗೆ ಹೊನ್ನಕ್ಕ ಸೌಟಿದ್ದವರಷ್ಟೇ ದುಂಡಗಾಗಿದ್ದಳು.

"ಅದೃಷ್ಟವಂತೆ," ಎಂದಳು ಸಣ್ಣಮ್ಮಿ.

"ಅದೃಷ್ಟಕ್ಕೆ ಪಕ್ಕೆಲುಬು ಕಾಣುತ್ತೇನೇ?" ಎಂದು ಹೊನ್ನಕ್ಕ ಬಾಲ ಬೀಸಿ ಹೋದಳು.

ಆದರೂ ಸಾಲಿನಲ್ಲಿ ಅವಳ ಜಾಗ ಕೊನೆಯದೇ. ಹೆಸರೂ ಮೋಟಕ್ಕ ಎಂದಾಯಿತು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಯಾರೊಂದಿಗೂ ಊಟಕ್ಕೆ ಹೋಗಲಿಲ್ಲ, ತಾನು ಕಲಿತದ್ದನ್ನು ಯಾರಿಗೂ ಹೇಳಲಿಲ್ಲ. ದಡದ ಆಮೆ ಕಲ್ಲಜ್ಜಿಯ ಹತ್ತಿರ ಮಾತ್ರ ನಾಲ್ಕು ಮಾತು.

ಈಗ ಆ ಹೊಳೆಯ ದೊಡ್ಡ ದುಃಖವನ್ನು ಹೇಳಬೇಕು.

ಹೊಳೆಗೆ ಅಡ್ಡಲಾಗಿ ಮನುಷ್ಯರು ಒಂದು ಅಣೆಕಟ್ಟು ಕಟ್ಟಿದ್ದರು. ಅವರಿಗೆ ನೀರು ಬೇಕಿತ್ತು, ಕಟ್ಟಿದರು. ಮೀನುಗಳನ್ನು ಕೇಳಿ ಕಟ್ಟುವ ಪದ್ಧತಿ ಅವರಲ್ಲಿರಲಿಲ್ಲ. ಅಣೆಕಟ್ಟಿನ ಆಚೆ, ಮೇಲ್ಗಡೆ, ನುಣ್ಣನೆಯ ಬೆಣಚುಕಲ್ಲಿನ ಹಾಸು ಇತ್ತು. ಸೌಟುಮೂತಿಗಳು ಮೊಟ್ಟೆಯಿಡುವುದು ಅಲ್ಲೇ. ಕಲ್ಲಿಗೆ ಅಂಟಿಕೊಂಡ ಮೊಟ್ಟೆ ಉಸಿರಾಡುತ್ತದೆ, ಮರಿಯಾಗುತ್ತದೆ. ಅಣೆಕಟ್ಟಿನ ಕೆಳಗೋ ಬರೀ ಕೆಸರು. ಕೆಸರಿಗೆ ಬಿದ್ದ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ.

ಕಟ್ಟೆ ಕಟ್ಟಿದ ಮೇಲೆ, ಸೌಟುಮೂತಿಗಳು ಉಳಿದಿದ್ದ ಕೆಳಗಿನ ಮಡುವಿನಲ್ಲಿ ಒಂದು ಮರಿಯೂ ಹುಟ್ಟಿರಲಿಲ್ಲ. ಕೊನೆಯದಾಗಿ ಹುಟ್ಟಿದ್ದ ಸಣ್ಣಮ್ಮಿಯೇ ಈಗ ಹೊಟ್ಟೆ ತುಂಬ ಮೊಟ್ಟೆ ಹೊರುವ ಹೆಂಗಸಾಗಿದ್ದಳು.

ಒಂದು ಮಳೆಗಾಲ ಕಲ್ಲಜ್ಜಿ ದಡದಿಂದ ಕೂಗಿದಳು, "ಏಳಿ, ಏಳಿ! ಹೊಳೆ ತುಂಬಿದೆ. ಗೇಟುಗಳನ್ನೆಲ್ಲ ಮೇಲಕ್ಕೆತ್ತಿದ್ದಾರೆ. ಕಣ್ಣಾರೆ ನೋಡಿ ಬಂದೆ!"

ಮಡುವಿಗೆ ಮಡುವೇ ಎದ್ದಿತು. ನೀಳಪ್ಪ ಮುಂದೆ, ಹೊನ್ನಕ್ಕ ಹಿಂದೆ, ನಡುವೆ ಎಲ್ಲರೂ ಸೌಟಿನ ಉದ್ದದ ಪ್ರಕಾರ. ಅಣೆಕಟ್ಟು ಹತ್ತಿರವಾಯಿತು. ಗೇಟೇನೋ ಮೇಲೆದ್ದಿತ್ತು. ಆದರೆ ಗೇಟು ಏರಿಳಿಯುವ ಕಬ್ಬಿಣದ ಚೌಕಟ್ಟು ಎರಡೂ ಕಡೆ ಹಾಗೇ ನಿಂತಿತ್ತು, ಕೆಳಗೆ ಕಬ್ಬಿಣದ ಹೊಸಿಲೂ ಇತ್ತು.

ನೀರಿನಲ್ಲಿ ಕಬ್ಬಿಣವಿದ್ದರೆ ಸೌಟು ಬರೀ ಜುಮ್ಮೆನ್ನುವುದಿಲ್ಲ, ಸಿಡಿಯುತ್ತದೆ. ನೀಳಪ್ಪನ ಸೌಟು ತುದಿಯಿಂದ ಬುಡದವರೆಗೆ ಸಿಡಿಯಿತು.

"ಗೋಡೆ! ಗೋಡೆ ಇದೆ!" ಎಂದು ಕೂಗಿದ. "ಮುಚ್ಚಿದೆ, ತಿರುಗಿ!"

ಅವನ ಹಿಂದಿನವರ ಸೌಟುಗಳೂ ಸಿಡಿಯುತ್ತಿದ್ದವು. "ಹೌದು, ಮುಚ್ಚಿದೆ. ನೀಳಪ್ಪಜ್ಜ ಹೇಳಿದ ಮೇಲೆ ಮುಗೀತು," ಎಂದು ಎಲ್ಲರೂ ತಿರುಗಿದರು.

ಹೊನ್ನಕ್ಕ ತಿರುಗಲಿಲ್ಲ. ಅವಳ ಕೆನ್ನೆಗೆ ನೀರು ದಬದಬನೆ ಬಡಿಯುತ್ತಿತ್ತು. "ಮುಚ್ಚಿದ ಬಾಗಿಲಿಂದ ಇಷ್ಟು ನೀರು ಬರುತ್ತಾ ನೀಳಪ್ಪಣ್ಣ?"

ಸಾಲೆಲ್ಲ ಕಿಸಕ್ಕೆಂದಿತು. "ಸೌಟಿಲ್ಲದವಳು ಸೌಟಿದ್ದವನಿಗೆ ದಾರಿ ಹೇಳ್ತಾಳೆ!" ಎಂದಳು ಸಣ್ಣಮ್ಮಿ.

ನೀಳಪ್ಪ ನಗಲಿಲ್ಲ, ಬೈಯಲೂ ಇಲ್ಲ. "ಹೊನ್ನಿ, ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಬಾರದಮ್ಮ," ಎಂದ, ಮಗುವಿಗೆ ಹೇಳಿದ ಹಾಗೆ. ಬೈದಿದ್ದರೇ ಚೆನ್ನಾಗಿತ್ತು.

ಅವರೆಲ್ಲ ಹೋದರು. ಹೊನ್ನಕ್ಕ ಕಬ್ಬಿಣದ ಮುಂದೆ ಒಬ್ಬಳೇ ಉಳಿದಳು. ಹೆದರಿಕೆ ಅವಳಿಗೂ ಇತ್ತು, ಮೋಟು ಮೂತಿಯ ಬುಡ ತುಸು ಚುರುಗುಟ್ಟುತ್ತಲೂ ಇತ್ತು. "ಕಬ್ಬಿಣ ನನ್ನಿಂದ ಒಯ್ಯೋದನ್ನೆಲ್ಲ ಒಯ್ದಾಗಿದೆ. ಇನ್ನೇನು ಒಯ್ಯುತ್ತೆ?" ಎಂದುಕೊಂಡು ನೀರಿಗೆ ಎದೆ ಕೊಟ್ಟು ನುಗ್ಗಿದಳು. ಒಂದು ಸಲ ಹಿಂದಕ್ಕೆ ಬಿದ್ದಳು. ಇನ್ನೊಂದು ಸಲ ನುಗ್ಗಿದಳು. ಹೊಸಿಲು ಹೊಟ್ಟೆಯ ಕೆಳಗೆ ಜಾರಿಹೋಯಿತು.

ಆಚೆಗೆ ಹೋದರೆ, ಅಬ್ಬಾ! ಬೆಣಚುಕಲ್ಲಿನ ಹಾಸು ಹೊಳೆಯಗಲಕ್ಕೂ ಹಾಸಿತ್ತು. ನಡುವೆ, ಮಲಗಿ ಮೆಲುಕು ಹಾಕುವ ಎಮ್ಮೆಯಂಥ ಒಂದು ಬಂಡೆ. ಅದರ ಕುತ್ತಿಗೆಯ ಎರಡೂ ಕಡೆ ನೀರು ಸುರಿಯುತ್ತಿತ್ತು. ಹೊನ್ನಕ್ಕ ಆ ಕಲ್ಲುಗಳ ಮೇಲೆ ಮೊಟ್ಟೆಯಿಟ್ಟಳು. ಇಟ್ಟು ಕಾಯುತ್ತ ನಿಂತಳು.

ಒಬ್ಬಳೇ ಹೋಗಿ ಮೊಟ್ಟೆಯಿಟ್ಟರೆ ಮರಿಯಾಗುತ್ತದೆಯೇ, ಮಕ್ಕಳೇ? ಗಂಡು ಮೀನುಗಳೂ ಬರಬೇಕು, ಹಿಂಡಿಗೆ ಹಿಂಡೇ ಬರಬೇಕು. ಅವಳ ಮೊಟ್ಟೆಗಳು ಒಂದೊಂದಾಗಿ ಬೆಳ್ಳಗಾದವು. ನೀರು ಅವನ್ನು ಒಂದೊಂದಾಗಿ ಕೊಂಡೊಯ್ದಿತು.

ನೆರೆ ಇಳಿಯುವ ಮೊದಲು ಹೊನ್ನಕ್ಕ ಕೆಳಕ್ಕೆ ಬಂದಳು. ಕಲ್ಲಜ್ಜಿ ದಡದಲ್ಲೇ ಕಾದಿದ್ದಳು.

"ದಾಟಿದೆಯಾ?"

"ದಾಟಿದೆ."

"ಹಾಗಾದರೆ ಹೋಗಿ ಹೇಳೇ ಎಲ್ಲರಿಗೂ!"

"ಕೇಳಿದರೆ ಹೇಳುತ್ತೇನೆ. ಯಾರು ಕೇಳಿದರು?"

"ನಿನ್ನ ಮೊಟ್ಟೆ ಏನಾಯಿತು, ಹೊನ್ನಿ?"

ಹೊನ್ನಕ್ಕ ಮುಖ ತಿರುಗಿಸಿದಳು.

ಕಲ್ಲಜ್ಜಿ ನಿಟ್ಟುಸಿರು ಬಿಟ್ಟಳು. "ಸೌಟು ಕತ್ತರಿಸಿದ್ದು ದೋಣಿ. ನಾಲಿಗೆ ಕತ್ತರಿಸಿಕೊಂಡವಳು ನೀನೇ ಕಣೇ."

ಆ ಮಾತು ಹೊನ್ನಕ್ಕನಿಗೆ ನಾಟಿತು. ಆದರೂ ಅವಳು ಹೊನ್ನಕ್ಕ. ಬೇಸಿಗೆಯೆಲ್ಲ ಮುಖ ಊದಿಸಿಕೊಂಡು ಬಂಡೆಯ ಹಿಂದೆ ಒಬ್ಬಳೇ ಊಟ ಮಾಡಿದಳು.

ಮತ್ತೆ ಮಳೆಗಾಲ ಬಂತು. ಹೊಳೆ ತುಂಬಿತು. ಗೇಟು ಎದ್ದಿತು, ಕಲ್ಲಜ್ಜಿ ಕೂಗಿದಳು, ಸಾಲು ಹೊರಟಿತು. ಕಬ್ಬಿಣದ ಹತ್ತಿರ ಬರುತ್ತಲೇ ನೀಳಪ್ಪನ ಸೌಟು ಸಿಡಿಯಿತು.

"ಗೋಡೆ! ತಿರುಗಿ!"

ಈ ಸಲ ನಡುಸಾಲಿನಲ್ಲಿ ಯಾರೋ ಬಿಕ್ಕಿದರು. ಸಣ್ಣಮ್ಮಿ. ಬಾಯಾಳಿ ಸಣ್ಣಮ್ಮಿ ಹೀಗೆ ಬಿಕ್ಕಿ ಅಳುವುದನ್ನು ಯಾರೂ ಕಂಡಿರಲಿಲ್ಲ.

"ಮತ್ತೆ ಕೆಸರಲ್ಲೇ ಇಡಬೇಕಾ ಅಜ್ಜ? ಮತ್ತೆ ಹೂಳಬೇಕಾ? ಹೋದ ಸಲ ಇಟ್ಟ ಜಾಗದ ಮೇಲೆ ಹಾದು ಹೋಗೋಕೂ ಆಗ್ತಿಲ್ಲ ನನಗೆ."

ಹೊನ್ನಕ್ಕನಿಗೆ ನೀರು ಕೊಂಡೊಯ್ದ ಬಿಳಿ ಮೊಟ್ಟೆಗಳು ನೆನಪಾದವು. ಬಾಲ ತಾನಾಗಿ ಬೀಸಿತು. ಸಾಲು ಮುರಿದು, ಉದ್ದ ಸೌಟಿನವರನ್ನೆಲ್ಲ ಪಕ್ಕಕ್ಕೆ ತಳ್ಳಿ, ನೀಳಪ್ಪನ ಎದುರಿಗೇ ಹೋಗಿ ನಿಂತಳು.

"ಮುಚ್ಚಿಲ್ಲ. ಹೋದ ವರ್ಷವೇ ನಾನು ಹೋಗಿ ಬಂದೆ."

"ಹೋಗಿ ಬಂದವಳು ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿದ್ದೆಯಾ?" ಎಂದ ನೀಳಪ್ಪ. "ನಂಬೋ ಮಾತಾಡು."

"ಬಾಯಿ ಮುಚ್ಚಿಕೊಂಡಿದ್ದು ನನ್ನ ತಪ್ಪು. ಅದಕ್ಕೆ ಆಮೇಲೆ ಬೈಯಿರಿ. ಆಚೆ ಬೆಣಚುಕಲ್ಲಿದೆ, ಹೊಳೆಯಗಲಕ್ಕೂ ಇದೆ. ನಡುವೆ ಒಂದು ಬಂಡೆ, ಎಮ್ಮೆ ಮಲಗಿದ ಹಾಗೆ."

ನೀಳಪ್ಪ ಕಲ್ಲಾಗಿ ನಿಂತ.

ಆ ಬಂಡೆ ಕೆಳಗಿದ್ದವರಲ್ಲಿ ಅವನೊಬ್ಬನಿಗೇ ನೆನಪಿತ್ತು, ಅದರ ಸಂಗತಿ ಅವನು ಯಾರಿಗೂ ಹೇಳಿರಲಿಲ್ಲ. ಮರಿಯಾಗಿದ್ದಾಗ ಒಂದು ದೊಡ್ಡ ಮೀಸೆಮೀನು ಅಟ್ಟಿಸಿಕೊಂಡು ಬಂದಿತ್ತು. ಆಗ ಅವನು ನಡುಗುತ್ತ ಆ ಎಮ್ಮೆಯ ಕಿವಿಯ ಕೆಳಗೆ ಅವಿತಿದ್ದ. ಸಾಲಿಗೆ ಮುಂದಾಳಾದವನು ಅಂಥದ್ದನ್ನೆಲ್ಲ ಹೇಳಿಕೊಳ್ಳುತ್ತಾನೆಯೇ?

ಅವನು ಮೆಲ್ಲಗೆ ಕೇಳಿದ, "ಎಮ್ಮೆಯ ಬಲಗಿವಿ ಇನ್ನೂ ಇದೆಯೇನಮ್ಮ?"

"ಮುರಿದುಹೋಗಿದೆ. ಎಡಗಿವಿ ಇದೆ."

"ನಾನಿದ್ದದ್ದು ಎಡಗಿವಿಯ ಕೆಳಗೇ," ಎಂದ ನೀಳಪ್ಪ. ಅವನ ದನಿ ಮರಿಯ ದನಿಯಾಗಿತ್ತು. "ನಡಿ ಹೊನ್ನಿ. ಹೇಗೆ ಹೋಗೋದು ಹೇಳು."

"ಸೌಟಿನ ಮಾತು ಕೇಳಬೇಡಿ. ಸುಮ್ಮನೆ ನುಗ್ಗಿ."

ಹೇಳುವುದು ಸುಲಭ. ನೀಳಪ್ಪ ನುಗ್ಗಿದ. ಸೌಟು ಸಿಡಿದ ರಭಸಕ್ಕೆ ದಿಕ್ಕು ತಪ್ಪಿ ಚೌಕಟ್ಟಿಗೆ ಬಡಿದ. ಟಣ್ ಎಂದಿತು. ಅಷ್ಟುದ್ದದ ಸೌಟಿನ ತುದಿ ಮುರಿದು ನೀರಿನಲ್ಲಿ ತೇಲಿಹೋಯಿತು.

"ಅಯ್ಯಯ್ಯೋ! ಅಜ್ಜನ ಸೌಟು!" ಎಂದು ಸಾಲೆಲ್ಲ ಚೀರಿತು. ಎಲ್ಲರೂ ಓಡಲು ಸಿದ್ಧ.

"ಯಾರೂ ಅಲುಗಬೇಡಿ!" ಎಂದಳು ಹೊನ್ನಕ್ಕ. ತನಗೆ ಸೌಟಿಲ್ಲ, ಅವರಿಗಿದೆ. ತನ್ನ ದಾರಿ ಅವರಿಗೆ ಆಗದು. ಹಾಗಾದರೆ ಸೌಟಿಗೇ ಏನಾದರೂ ಕೆಲಸ ಕೊಡಬೇಕು.

"ನೀಳಪ್ಪಣ್ಣ, ಬನ್ನಿ ಇಲ್ಲಿ. ಉಳಿದ ಸೌಟನ್ನು ನನ್ನ ಹೊಟ್ಟೆಯ ಕೆಳಗೆ ಇಡಿ. ಒತ್ತಿ ಇಡಿ, ನಾಚಿಕೆ ಏನೂ ಬೇಡ. ಏನಾಗುತ್ತೆ?"

"ಲಬ್ ಡಬ್ ಅನ್ನುತ್ತೆ."

"ಅದು ನನ್ನ ಎದೆ. ಕಬ್ಬಿಣ ಕೇಳಿಸುತ್ತಾ?"

ನೀಳಪ್ಪ ಗಮನವಿಟ್ಟ. "ಕೇಳಿಸುತ್ತೆ. ಆದರೆ ದೂರ. ನಿನ್ನ ಎದೆಯೇ ಜೋರು."

"ಅದನ್ನೇ ಹಿಡಿದುಕೊಂಡು ಬನ್ನಿ. ನಿಮ್ಮ ಹೊಟ್ಟೆಯ ಕೆಳಗೆ ಸಣ್ಣಮ್ಮಿ ಸೌಟಿಡಲಿ. ಅವಳ ಕೆಳಗೆ ಅವಳ ಹಿಂದಿನವರು. ಯಾರೂ ಬಿಡಬಾರದು."

"ಮೋಟಕ್ಕ... ಅಲ್ಲ, ಹೊನ್ನಕ್ಕ," ಎಂದಳು ಸಣ್ಣಮ್ಮಿ, "ನನಗೆ ಕಚಗುಳಿ ಜಾಸ್ತಿ."

"ನಗುತ್ತಲೇ ಬಾ. ಅತ್ತಿದ್ದು ಸಾಕು."

ಹೀಗೆ ಆ ಹೊಳೆಯಲ್ಲಿ ಮೊದಲ ಸಲ ಸೌಟಿಲ್ಲದವಳು ಮುಂದೆ, ಸೌಟಿದ್ದವರೆಲ್ಲ ಹಿಂದೆ ಹೊರಟರು. ನೀರು ಬಡಿಯಿತು, ಕಬ್ಬಿಣ ಸಿಡಿಯಿತು. ಒಬ್ಬೊಬ್ಬರೂ ಮುಂದಿನವರ ಎದೆಬಡಿತಕ್ಕೆ ಜೋತುಬಿದ್ದು ಆ ಹೊಸಿಲನ್ನು ದಾಟಿದರು. ಸಣ್ಣಮ್ಮಿ ಮಾತ್ರ ಉದ್ದಕ್ಕೂ ಕಿಲಕಿಲ ಎನ್ನುತ್ತಿದ್ದಳು. ಚೌಕಟ್ಟು ಒಬ್ಬರ ಬೆನ್ನು ಗೀರಿತು, ಇನ್ನೊಬ್ಬರ ರೆಕ್ಕೆ ಸೀಳಿತು. ಆದರೆ ಕೆಳಗೆ ಯಾರೂ ಉಳಿಯಲಿಲ್ಲ.

ಬೆಣಚುಕಲ್ಲಿನ ಮೇಲೆ ಅಂದು ನಡೆದ ಸಂಭ್ರಮವನ್ನು ಏನೆಂದು ಹೇಳಲಿ! ಹೆಣ್ಣುಗಳು ಮೊಟ್ಟೆ ಸುರಿದವು, ಗಂಡುಗಳು ಸುತ್ತ ಸುತ್ತಿದವು, ಹೊಳೆಯ ತಳವೆಲ್ಲ ಕಪ್ಪು ಮುತ್ತಿನ ಹಾಸಾಯಿತು.

ಮೊಟ್ಟೆಯಿಟ್ಟ ಮೇಲೆ ಕೆಳಗಿಳಿದು ಹೋಗುವುದು ಸೌಟುಮೂತಿಗಳ ರೂಢಿ. ಹೊನ್ನಕ್ಕ ಮಾತ್ರ ಎಮ್ಮೆ ಬಂಡೆಯ ಹತ್ತಿರ ಬೇರು ಬಿಟ್ಟಂತೆ ನಿಂತಳು. "ಹೋದ ಸಲ ಬೆಳ್ಳಗಾದದ್ದನ್ನು ನೋಡಿದ್ದೀನಿ. ಈ ಸಲ ಮರಿಯಾಗೋದನ್ನು ನೋಡದೆ ನಾನು ಅಲುಗೋದಿಲ್ಲ." ಅವಳ ಹಟಕ್ಕೆ ಉಳಿದವರೂ ನಿಂತರು.

ಕಾಯುವ ದಿನಗಳಲ್ಲಿ ನೀಳಪ್ಪ ಸೊರಗುತ್ತ ಬಂದ. ತುದಿ ಮುರಿದ ಸೌಟಿಗೆ ಊಟದ ಸುಳಿವು ಅರ್ಧಂಬರ್ಧ ಸಿಗುತ್ತಿತ್ತು. ಒಂದು ಬೆಳಿಗ್ಗೆ ಹೊನ್ನಕ್ಕನ ಪಕ್ಕಕ್ಕೆ ಬಂದು ನಿಂತ. ಕೆಮ್ಮಿದ. ಮತ್ತೆ ಕೆಮ್ಮಿದ.

"ಏನು ನೀಳಪ್ಪಣ್ಣ, ನೆಗಡಿಯೇ?"

"ಅಲ್ಲಮ್ಮ. ನೀನು... ಅದು ಹೇಗೆ ತಿಂತೀಯ?"

'ನನಗೆ ಯಾರು ಹೇಳಿಕೊಟ್ಟರು?' ಎಂಬ ಮಾತು ಹೊನ್ನಕ್ಕನ ನಾಲಿಗೆಯ ತುದಿಗೇ ಬಂದಿತ್ತು. ಎಷ್ಟು ವರ್ಷಗಳಿಂದ ಕಾದು ಕುಳಿತಿದ್ದ ಮಾತು! ನೀಳಪ್ಪನ ಪಕ್ಕೆಲುಬು ಕಂಡಿತು. ತನ್ನ ಪಕ್ಕೆಲುಬು ನೆನಪಾಯಿತು. ಮಾತನ್ನು ನುಂಗಿದಳು.

"ಬಂಡೆಯ ಹಿಂದೆ ಬನ್ನಿ. ನೀರು ಕೆನ್ನೆಗೆ ಎಲ್ಲಿ ತಣ್ಣಗಾಗುತ್ತೆ, ಅಲ್ಲಿ ಬಾಯಿ ತೆಗೀರಿ. ಅಷ್ಟು ಸಾಲದು, ಇನ್ನೂ ದೊಡ್ಡದಾಗಿ! ಭಾಷಣ ಮಾಡೋವಾಗ ತೆಗೀತೀರಲ್ಲ, ಹಾಗೆ."

ನೀಳಪ್ಪ ಬಾಯಿ ತುಂಬ ತಿಂದ. ನಾಚಿಕೆಯಿಂದ ನಕ್ಕ.

ಅಷ್ಟರಲ್ಲಿ ಸಣ್ಣಮ್ಮಿಯ ಕೂಗು ಕೇಳಿತು. "ಬನ್ನಿ! ಬನ್ನಿ! ಮರಿ, ಮರಿ!"

ಎಲ್ಲರೂ ಓಡಿದರು. ಕಲ್ಲುಗಳ ನಡುವೆ ಎಳ್ಳುಕಾಳಿಗೆ ಬಾಲ ಬಂದ ಹಾಗೆ ಮರಿಗಳು ಮಿಲಮಿಲ ಎನ್ನುತ್ತಿದ್ದವು. ಆದರೆ ಸಣ್ಣಮ್ಮಿಯ ಮುಖ ಬಿಳಿಚಿತ್ತು.

"ಅಯ್ಯೋ ನೋಡಿ! ಒಂದಕ್ಕೂ ಸೌಟಿಲ್ಲ! ಏನಾಯಿತು ಇವಕ್ಕೆ?"

ಎಲ್ಲರೂ ಬಗ್ಗಿ ನೋಡಿದರು. ನಿಜ. ಎಲ್ಲ ಮರಿಗಳ ಮೂತಿಯೂ ಮೋಟು. ಮೊಟ್ಟೆಯಿಟ್ಟು ಹೊರಟುಹೋಗುವ ಜನಕ್ಕೆ ಆಗ ತಾನೇ ಹುಟ್ಟಿದ ಮರಿ ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ.

ಅಣೆಕಟ್ಟಿನ ದಡ ಹತ್ತಿ, ಏದುಸಿರು ಬಿಡುತ್ತ, ಆಗಷ್ಟೇ ಅಲ್ಲಿಗೆ ಬಂದು ತಲುಪಿದ್ದ ಕಲ್ಲಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಹುಚ್ಚುಮುಂಡೇವಾ! ಸೌಟು ಆಮೇಲೆ ಬೆಳೆಯುತ್ತೆ. ಹುಟ್ಟುವಾಗ ನೀವೆಲ್ಲ ಇದ್ದದ್ದೂ ಹೀಗೇ. ನೀಳಪ್ಪನೂ ಹೀಗೇ ಇದ್ದ. ಎಮ್ಮೆಯ ಕಿವಿ ಕೆಳಗೆ ಗಡಗಡ ನಡುಗುತ್ತಿದ್ದ, ನಾನು ನೋಡಿದ್ದೀನಿ!"

ನೀಳಪ್ಪ ಮುರಿದ ಸೌಟನ್ನು ಕಲ್ಲುಗಳ ನಡುವೆ ತೂರಿಸಿ ಮುಖ ಮುಚ್ಚಿಕೊಂಡ.

ಹೊನ್ನಕ್ಕ ಮರಿಗಳ ಹತ್ತಿರ ಹೋದಳು. ಒಂದು ಮರಿ ಅವಳ ಮೋಟು ಮೂತಿಗೆ ತನ್ನ ಮೋಟು ಮೂತಿ ತಾಗಿಸಿ ನಿಂತಿತು. ಅದು ಬಿಡುವವರೆಗೂ ಅವಳು ಅಲುಗಲಿಲ್ಲ. ಆಮೇಲೆ ಸಣ್ಣಮ್ಮಿಯ ಕಡೆ ತಿರುಗಿ, ಬೆನ್ನಿನ ಮೂರು ಗೆರೆಯೂ ಕಾಣುವ ಹಾಗೆ ಸೆಟೆದು ನಿಂತು ಹೇಳಿದಳು:

"ನೋಡೇ ಸಣ್ಣಮ್ಮಿ, ಎಲ್ಲವೂ ನನ್ನ ಹಾಗೇ ಹುಟ್ಟಿವೆ!"

ನೀತಿ: ಪೆಟ್ಟು ತಿಂದು ಕಲಿತವರನ್ನು ಹಿಂದೆ ನಿಲ್ಲಿಸಿದರೆ ತೆರೆದ ಬಾಗಿಲೂ ಗೋಡೆಯಾಗುತ್ತದೆ, ಕಲಿತವರು ಮುನಿಸಿಕೊಂಡು ಬಾಯಿ ಮುಚ್ಚಿದರೆ ಕಲಿತದ್ದೂ ಕೆಸರಿನ ಮೊಟ್ಟೆಯಾಗುತ್ತದೆ.